ಹೊಗಳಿಕೆ, ದೃಷ್ಟಿ ಮತ್ತು ವನಜಕ್ಕನ ಬನ್ಸ್: ಪರಿಷ್ಕೃತ ಮಾರ್ಗಸೂಚಿ

ಸಕಾರಾತ್ಮಕ ಮನೋಭಾವ ಅನುಷ್ಠಾನ ಕೋಶ
ಉಪವಿಭಾಗ ಕಚೇರಿ, ಕುಂದಾಪುರ
(ವ್ಯಾಪ್ತಿ: ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳು)

ಸಂಖ್ಯೆ: ಸಮಅಕೋ/ಕುಂ/ಹೊಗಳಿಕೆ/ಪರಿಷ್ಕೃತ/2025-26

ಸುತ್ತೋಲೆ

ವಿಷಯ: ಸಿಬ್ಬಂದಿಯು ಸಕಾರಾತ್ಮಕ ಮನೋಭಾವ ತಾಳಿ ದಿನನಿತ್ಯದ ಬದುಕನ್ನು ಸುಧಾರಿಸಿಕೊಳ್ಳುವ ಬಗ್ಗೆ; ಹಾಗೂ ಹಾಗೆ ಸುಧಾರಿಸಿಕೊಳ್ಳುವಾಗ ಆಗಿರುವ ಅನಾಹುತಗಳ ಬಗ್ಗೆ.

ಉಲ್ಲೇಖ:
1) ಕೇಂದ್ರ ಕಚೇರಿಯ 'ನಗುನಗುತ್ತಾ ನೌಕರಿ' ಆದೇಶ.
2) ಈ ಕಚೇರಿಯ ಹಿಂದಿನ ಸುತ್ತೋಲೆ (ಇನ್ನು ಮುಂದೆ 'ಹಳೆ ಸುತ್ತೋಲೆ').
3) ಕ್ಯಾಂಟೀನಿನ ಶ್ರೀಮತಿ ವನಜ ಇವರು ಕಿಟಕಿಯಿಂದ ಸಲ್ಲಿಸಿದ ಮೌಖಿಕ ಆಕ್ಷೇಪಣೆ.

ಪ್ರಸ್ತಾವನೆ:

ಬದುಕು ಸುಧಾರಿಸಲು ಅನುದಾನ, ಸಿಬ್ಬಂದಿ ಅಥವಾ ಫ್ಯಾನ್ ಬೇಕಾಗಿಲ್ಲ, ಮನೋಭಾವ ಬದಲಿಸಿಕೊಂಡರೆ ಸಾಕು ಎಂದು ಉಲ್ಲೇಖ (1)ರಲ್ಲಿ ತಿಳಿಸಲಾಗಿದೆ. ಅದರಂತೆ ಈ ಕಚೇರಿಯ ಫ್ಯಾನ್ ದುರಸ್ತಿಯ ಬೇಡಿಕೆಯನ್ನು 'ಮನೋಭಾವ' ಎಂಬ ಶೀರ್ಷಿಕೆಯಡಿ ವಿಲೇವಾರಿ ಮಾಡಲಾಗಿದೆ.

ಅದೇ ಆದೇಶದಲ್ಲಿ, ಸಿಬ್ಬಂದಿಯಿಂದ 'ಅತ್ಯುತ್ತಮ' ಎಂಬ ಅಭಿಪ್ರಾಯ ಪಡೆಯದ ಕ್ಯಾಂಟೀನುಗಳನ್ನು ಮುಚ್ಚಿ, ಆ ಜಾಗದಲ್ಲಿ ಚಹಾ ಯಂತ್ರ ಕೂರಿಸಲು ಸೂಚಿಸಲಾಗಿತ್ತು. ಈ ಕಚೇರಿಯ ಕ್ಯಾಂಟೀನನ್ನು ಉಪ್ಪುಂದದ ಶ್ರೀಮತಿ ವನಜ ಎಂಬವರು ನಡೆಸುತ್ತಿದ್ದು, ಬೆಳಗಿನ ಮೊದಲ ಬಸ್ಸಿನಲ್ಲಿ ಬಂದು ಬಾಳೆಹಣ್ಣು ಕಲಸಿ ಕರಿದ ಬನ್ಸ್, ಗೋಳಿಬಜೆ ಮತ್ತು ಚಾ ಮಾಡಿ, ತಿನ್ನಲು ಬಂದವರನ್ನು ಮನೆಯಲ್ಲಿ ತಿಂಡಿ ಇಲ್ಲವೇ ಎಂದು ಗದರಿಸಿ ಬಡಿಸುವುದು ವಾಡಿಕೆಯಾಗಿರುತ್ತದೆ. ಇವರ ಬಗ್ಗೆ ಅಭಿಪ್ರಾಯ ಕೇಳಲಾಗಿ ಇಡೀ ಸಿಬ್ಬಂದಿಯು, ಬಾಯಿ ತುಂಬಾ ಬನ್ಸ್ ಇಟ್ಟುಕೊಂಡು, 'ಅಡ್ಡಿಲ್ಲ' ಎಂದು ತಿಳಿಸಿತು. ಕೇಂದ್ರ ಕಚೇರಿಯು ಇದನ್ನು ಅತೃಪ್ತಿ ಎಂದು ಪರಿಗಣಿಸಿ ಕ್ಯಾಂಟೀನ್ ಮುಚ್ಚಲು ತಯಾರಿ ನಡೆಸಿತು.

ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಸಾಲಿಗ್ರಾಮದವರೇ ಆಗಿದ್ದು, ಈ ಸೀಮೆಯಲ್ಲಿ 'ಅಡ್ಡಿಲ್ಲ'ಕ್ಕಿಂತ ಮೇಲೆ ಮೆಟ್ಟಿಲಿಲ್ಲ ಎಂಬುದು ಅವರಿಗೆ ಹುಟ್ಟಿನಿಂದ ತಿಳಿದಿದೆ. ಆದರೆ ಅವರು ಆಗಷ್ಟೇ ಬೆಂಗಳೂರಿನಲ್ಲಿ ಸಕಾರಾತ್ಮಕ ಚಿಂತನೆಯ ತರಬೇತಿ ಮುಗಿಸಿ ಬಂದಿದ್ದರಿಂದ ತಿಳಿದಿದ್ದನ್ನು ಮರೆತಿದ್ದರು. ಕ್ಯಾಂಟೀನ್ ಉಳಿಸುವ ಸದುದ್ದೇಶದಿಂದ ಹೊಗಳಿಕೆಯನ್ನು ಕಡ್ಡಾಯಗೊಳಿಸಿ ಹಳೆ ಸುತ್ತೋಲೆಯನ್ನು ಹೊರಡಿಸಿದರು. ಅದರ ಪರಿಣಾಮಗಳನ್ನು ಪರಿಶೀಲಿಸಿ ಈ ಕೆಳಗಿನಂತೆ ಈ ಮೂಲಕ ಸೂಚಿಸಲಾಗಿದೆ.

1. 'ಅಡ್ಡಿಲ್ಲ' ನಿಷೇಧದ ಬಗ್ಗೆ:

ಹಳೆ ಸುತ್ತೋಲೆಯಲ್ಲಿ 'ಅಡ್ಡಿಲ್ಲ' ಎಂಬ ಪದವನ್ನು ಕಚೇರಿ ಆವರಣದಲ್ಲಿ ನಿಷೇಧಿಸಲಾಗಿತ್ತು. ಸಿಬ್ಬಂದಿಯು ಕೂಡಲೇ 'ತೊಂದ್ರಿಲ್ಲ', 'ತಿನ್ಲಕ್ಕ್' (ತಿನ್ನಬಹುದು) ಎಂಬ ಪದಗಳಿಗೆ ಬದಲಾಯಿತು. ಅವುಗಳನ್ನೂ ನಿಷೇಧಿಸಲಾಗಿ, ಬರೇ ಕುತ್ತಿಗೆ ಓರೆ ಮಾಡಲಾರಂಭಿಸಿತು. ಕುತ್ತಿಗೆಯನ್ನು ನಿಷೇಧಿಸಲು ಈ ಕಚೇರಿಗೆ ಅಧಿಕಾರವಿಲ್ಲವೆಂದು ಕಾನೂನು ಅಭಿಪ್ರಾಯ ಬಂದಿರುತ್ತದೆ.

ಹೊಗಳಲು ಏನು ಕಷ್ಟ ಎಂದು ವಿಚಾರಣೆ ನಡೆಸಲಾಗಿ, ನಿವೃತ್ತಿಯ ಅಂಚಿನಲ್ಲಿರುವ ಕಚೇರಿ ಜವಾನ ಶ್ರೀ ಗುಡ್ಡ ಇವರು, "ಬಾಯ್ಬಿಟ್ಟ್ ಲಾಯ್ಕ್ ಇತ್ತ್ ಅಂದ್ರೆ ಕಣ್ಣ್ ತಾಗತ್ತ್ ಸಾರ್. ವನಜಕ್ಕ ನಾಳೆಗೂ ಬನ್ಸ್ ಮಾಡ್ಕಲೆ" ಎಂದು ಹೇಳಿಕೆ ನೀಡಿರುತ್ತಾರೆ (ಲಾಯ್ಕ್ ಎಂದರೆ ಚೆನ್ನಾಗಿ; ಮಾಡ್ಕಲೆ ಎಂದರೆ ಮಾಡಬೇಕಲ್ಲ). ಹೇಳಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಮುಂದಿನ ಕ್ರಮ ಕೈಗೊಳ್ಳಲಾಯಿತು.

2. ಸಾಮೂಹಿಕ ಹೊಗಳಿಕೆಯ ಬಗ್ಗೆ:

ಸೋಮವಾರ ಸಿಬ್ಬಂದಿಯನ್ನು ಕ್ಯಾಂಟೀನಿನ ಮುಂದೆ ಸಾಲಾಗಿ ನಿಲ್ಲಿಸಿ 'ಬನ್ಸ್ ಅತ್ಯುತ್ತಮ' ಎಂದು ಒಕ್ಕೊರಲಿನಿಂದ ಹೇಳಿಸಲಾಯಿತು. ಮಂಗಳವಾರ ಬನ್ಸ್ ಉಬ್ಬಲಿಲ್ಲ. ಬುಧವಾರ ಹಾಲು ಒಡೆಯಿತು. ಗುರುವಾರ ಶ್ರೀಮತಿ ವನಜ ಇವರು ಬಸ್ಸಿನ ಮೆಟ್ಟಿಲಿನಲ್ಲಿ ಕಾಲು ಉಳುಕಿಸಿಕೊಂಡರು. ಈ ಘಟನೆಗಳಿಗೂ ಹೊಗಳಿಕೆಗೂ ಸಂಬಂಧವಿದೆ ಎಂದು ಈ ಕಚೇರಿ ಒಪ್ಪುವುದಿಲ್ಲ. ಸಂಬಂಧವಿಲ್ಲ ಎಂದು ಹೇಳುವ ಧೈರ್ಯವೂ ಈ ಕಚೇರಿಗೆ ಇರುವುದಿಲ್ಲ.

ಶುಕ್ರವಾರ ಶ್ರೀಮತಿ ವನಜ ಇವರು ಕುಂಟುತ್ತಾ ಬಂದು ಕಿಟಕಿಯ ಹೊರಗೆ ನಿಂತು, ದಯವಿಟ್ಟು ಹೊಗಳುವುದನ್ನು ನಿಲ್ಲಿಸಬೇಕು, ಮನೆಯಲ್ಲಿ ಮಗಳು ಮೋಕ್ಷಿತಾಳ ಕಾಲೇಜು ಇನ್ನೂ ಮುಗಿದಿಲ್ಲ, ತಾನು ಇನ್ನಷ್ಟು ಕಾಲ ದುಡಿಯಬೇಕಾಗಿದೆ ಎಂದು ಉಲ್ಲೇಖ (3)ರ ಆಕ್ಷೇಪಣೆ ಸಲ್ಲಿಸಿದರು. ಹೊಗಳದಿದ್ದರೆ ಕ್ಯಾಂಟೀನ್ ಮುಚ್ಚಲಾಗುವುದು ಎಂದು ಅವರಿಗೆ ತಿಳಿಸಲಾಯಿತು. ಅವರು ಕುಂಟುತ್ತಲೇ ಕ್ಯಾಂಟೀನಿಗೆ ಮರಳಿದರು.

3. ದೃಷ್ಟಿ ತೆಗೆಯುವ ಬಗ್ಗೆ:

ಅಂದಿನಿಂದ ಪ್ರತಿ ಹೊಗಳಿಕೆಯ ನಂತರ ಕ್ಯಾಂಟೀನಿನಲ್ಲಿ ಕಲ್ಲುಪ್ಪು, ಒಣಮೆಣಸು ನಿವಾಳಿಸಿ ಬಾಣಲೆಗೆ ಹಾಕಿ ಸುಡಲಾಗುತ್ತಿದ್ದು, ಹೊಗೆಯು ಕಡತ ಕೊಠಡಿಗೆ ನುಗ್ಗುತ್ತಿದೆ. ಈ ಪದ್ಧತಿಯನ್ನು ಕ್ರಮಬದ್ಧಗೊಳಿಸಿ ಆದೇಶಿಸಲಾಗಿದೆ:

(ಅ) ಮೆಣಸನ್ನು ಲೇಖನ ಸಾಮಗ್ರಿಯ ಬಾಬ್ತಿನಿಂದ ಭರಿಸತಕ್ಕದ್ದು.

(ಆ) ಸುಟ್ಟ ಮೆಣಸಿನಿಂದ ಕೆಮ್ಮು ಬಂದರೆ ದೃಷ್ಟಿ ಇಲ್ಲವೆಂದೂ, ಬಾರದಿದ್ದರೆ ಗಟ್ಟಿ ದೃಷ್ಟಿ ಇದೆಯೆಂದೂ ಹಿರಿಯರ ಅಂಬೋಣ. ಆದುದರಿಂದ ಕೆಮ್ಮು ಬಂದ ಸಂದರ್ಭದಲ್ಲಿ ಆ ಹೊಗಳಿಕೆಯನ್ನು ಕಾಟಾಚಾರದ್ದೆಂದೂ, ಕೆಮ್ಮು ಬಾರದ ಸಂದರ್ಭದಲ್ಲಿ ಹೃತ್ಪೂರ್ವಕವಾದದ್ದೆಂದೂ ಪರಿಗಣಿಸತಕ್ಕದ್ದು.

(ಇ) ಉಬ್ಬಸ ಇರುವವರು ವೈದ್ಯರ ಪ್ರಮಾಣಪತ್ರ ಹಾಜರುಪಡಿಸಿ ಮುಂಚಿತವಾಗಿ ಕೆಮ್ಮಿ ಮುಗಿಸಬಹುದು.

4. ಹೊಗಳಿಕೆಗೆ ಬೊಟ್ಟು ಇಡುವ ಬಗ್ಗೆ:

ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುವಂತೆ, ಪ್ರತಿ ಹೊಗಳಿಕೆಯ ಬೆನ್ನಿಗೆ ಒಂದು ಕುಂದು ಹೇಳಲು ಅನುಮತಿಸಲಾಯಿತು. ಮಾದರಿ: 'ಬನ್ಸ್ ಅತ್ಯುತ್ತಮ, ಆದರೆ ಚಟ್ನಿ ನೀರು.' ಕುಂದು ಸಿಗದೆ ಪರದಾಡುವವರು ಕೋಟದವರಾದ ಅಧೀಕ್ಷಕಿ ಶ್ರೀಮತಿ ವೇದಾವತಿ ಇವರನ್ನು ಸಂಪರ್ಕಿಸಲು ತಿಳಿಸಲಾಗಿತ್ತು. ಅವರಲ್ಲಿ ಯಾವ ವಸ್ತುವಿಗೂ ಕುಂದು ಯಾವತ್ತೂ ದಾಸ್ತಾನು ಇರುತ್ತದೆ. ಮದುವೆ ಊಟಗಳ ಬಗ್ಗೆ ಅವರು ಇದುವರೆಗೆ ನೀಡಿರುವ ಸೇವೆಯನ್ನು ಈ ಕಚೇರಿ ಸ್ಮರಿಸುತ್ತದೆ.

ಈ ವ್ಯವಸ್ಥೆಯಲ್ಲಿ ಸಿಬ್ಬಂದಿಯು ಕುಂದನ್ನು ಪೂರ್ತಿಯಾಗಿ ಹೇಳಿ, ಹೊಗಳಿಕೆಯನ್ನು ನಾಳೆಗೆ ಬಾಕಿ ಇಟ್ಟದ್ದು ಕಂಡುಬಂದಿದ್ದರಿಂದ ಇದನ್ನು ಹಿಂಪಡೆಯಲಾಗಿದೆ.

5. 'ಇಲ್ಲ' ಎನ್ನುವ ಬಗ್ಗೆ:

ಸಾರ್ವಜನಿಕರಿಗೆ 'ಇಲ್ಲ' ಎಂಬ ನಕಾರಾತ್ಮಕ ಉತ್ತರ ನೀಡಬಾರದೆಂದು ಹಳೆ ಸುತ್ತೋಲೆಯಲ್ಲಿ ತಿಳಿಸಲಾಗಿತ್ತು. ಇದರನ್ವಯ ಬೈಂದೂರು ಶಾಖೆಯಲ್ಲಿ, ಸಾಹೇಬರು ಇದ್ದಾರೆಯೇ ಎಂದು ಕೇಳಿದ ಶ್ರೀ ಪದ್ದು ಎಂಬವರಿಗೆ 'ಬತ್ರ್' (ಬರುತ್ತಾರೆ) ಎಂದು ಭರವಸೆಯ ಉತ್ತರ ನೀಡಲಾಗಿದ್ದು, ಸಾಹೇಬರು ಕಳೆದ ಮಳೆಗಾಲದಲ್ಲೇ ವರ್ಗಾವಣೆಯಾಗಿದ್ದರೂ ಶ್ರೀ ಪದ್ದು ಇವರು ದಿನಾ ಬಂದು ಬೆಂಚಿನಲ್ಲಿ ಆಶಾಭಾವದಿಂದ ಕಾಯುತ್ತಿರುತ್ತಾರೆ. ಇವರನ್ನು ಯೋಜನೆಯ ಯಶಸ್ಸು ಎಂದು ವರದಿ ಮಾಡಲಾಗಿದೆ. ಇವರಿಗೆ ಬಾಯಾರಿಕೆಗೆ ನೀರು-ಬೆಲ್ಲದ ಆಸ್ರಿ ಕೊಡುವುದನ್ನು ತಪ್ಪಿಸಬಾರದು.

6. ಬ್ರಹ್ಮಾವರ ಕಡೆಯಿಂದ ಬರುವ ಸಿಬ್ಬಂದಿಯು ಮನೆಯಿಂದ ಕಚೇರಿಯವರೆಗೆ ಮುಗುಳ್ನಗೆಯನ್ನು ಸತತವಾಗಿ ಕಾಪಾಡಿಕೊಂಡು ಬರತಕ್ಕದ್ದು. ಸಾಸ್ತಾನದ ಟೋಲ್ ದಾಟುವಷ್ಟು ಹೊತ್ತು ವಿನಾಯಿತಿ ಇದ್ದು, ಕೋಟ ಬರುವಷ್ಟರಲ್ಲಿ ಪುನರಾರಂಭಿಸತಕ್ಕದ್ದು.

7. ಯಂತ್ರದ ಬಗ್ಗೆ:

ಈ ಮಧ್ಯೆ ಕೇಂದ್ರ ಕಚೇರಿಯು ಚಹಾ ಯಂತ್ರವನ್ನು ಪ್ರಾಯೋಗಿಕವಾಗಿ ಕಳುಹಿಸಿ, ಕ್ಯಾಂಟೀನಿನ ಪಕ್ಕದಲ್ಲೇ ಕೂರಿಸಿತು. ಗುಂಡಿ ಒತ್ತಿದರೆ ಯಂತ್ರವು ಚಹಾ ಸುರಿದು, 'ನೀವು ಅದ್ಭುತ ವ್ಯಕ್ತಿ, ನಿಮ್ಮ ದಿನ ಶುಭವಾಗಲಿ' ಎಂದು ಹೆಣ್ಣು ದನಿಯಲ್ಲಿ ಹೇಳುತ್ತಿತ್ತು. ಮೊದಲ ದಿನ ಶ್ರೀ ಗುಡ್ಡ ಇವರು ಯಾರಿಗೆ ಹೇಳಿದ್ದೆಂದು ಹಿಂತಿರುಗಿ ನೋಡಿದರು. ಯಂತ್ರದಿಂದ ಹೊಗಳಿಸಿಕೊಂಡ ಸಿಬ್ಬಂದಿಯು ಅರ್ಧ ದಿನ ರಜೆ ಹಾಕಿ, ಮನೆಗೆ ಹೋಗಿ ದೃಷ್ಟಿ ತೆಗೆಸಿಕೊಂಡು ಬರಲಾರಂಭಿಸಿತು.

ತಪಾಸಣಾ ತಂಡವು ಖುದ್ದಾಗಿ ಬಂದು, ಯಂತ್ರ ಮತ್ತು ಶ್ರೀಮತಿ ವನಜ ಇವರಲ್ಲಿ ಯಾರಿಗೆ ಹೆಚ್ಚು ಹೊಗಳಿಕೆ ಬರುತ್ತದೆಯೋ ಅವರನ್ನು ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಆ ದಿನ ಒಂದು ಒಳ್ಳೆಯ ಮಾತು ಹೇಳಿ, ಒಂದೇ ಒಂದು ಸಾಕು ಎಂದು ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಪ್ರತಿ ಮೇಜಿಗೂ ಹೋಗಿ ಕೇಳಿಕೊಂಡರು. ಸಿಬ್ಬಂದಿಯು ಕುತ್ತಿಗೆ ಓರೆ ಮಾಡಿತು.

8. ತಪಾಸಣೆಯ ದಿನದ ಬಗ್ಗೆ:

(ಅ) ತಂಡದ ಎದುರು ಸಿಬ್ಬಂದಿಯು ಬನ್ಸ್ ತಟ್ಟೆ ಹಿಡಿದುಕೊಂಡೇ ಕ್ಯಾಂಟೀನಿಗೆ ಬೆನ್ನು ಹಾಕಿ, ಯಂತ್ರದ ಸುತ್ತ ನೆರೆಯಿತು. ಮದುಮಗಳನ್ನೂ ಹೊಗಳಿ ಗೊತ್ತಿಲ್ಲದ ಶ್ರೀಮತಿ ವೇದಾವತಿ ಇವರು ಯಂತ್ರದ ಮೈ ಸವರಿ, ಎಂಥಾ ಬಣ್ಣ, ಎಂಥಾ ಹೊಳಪು, ಹೀಗಿನದ್ದು ಮೂರು ತಾಲೂಕಿನಲ್ಲಿ ಇನ್ನೊಂದಿಲ್ಲ ಎಂದರು. ಸಹಾಯಕ ಶ್ರೀ ರಜತ್ ಇವರು ಯಂತ್ರದ ನಳಿಕೆಯನ್ನೂ, ವಾಹನ ಚಾಲಕರು ಅದರ ಆರೋಗ್ಯವನ್ನೂ ಕೊಂಡಾಡಿದರು. ಶ್ರೀ ಗುಡ್ಡ ಇವರು ಎದುರು ನಿಂತು, ಕಣ್ಣು ಮಿಟುಕಿಸದೆ, ಬಹಳ ಹೊತ್ತು ಮೆಚ್ಚಿ ನೋಡಿದರು. ಕ್ಯಾಂಟೀನಿನ ಬಗ್ಗೆ ಕೇಳಲಾಗಿ ಎಲ್ಲರೂ ಅಡ್ಡಿಲ್ಲ ಎಂದರು.

(ಆ) ತಂಡವು ಯಂತ್ರ ಗೆದ್ದಿದೆ ಎಂದು ಬರೆದುಕೊಂಡಿತು. ಶ್ರೀಮತಿ ವನಜ ಇವರು ಯಾರನ್ನೂ ಬೈಯದೆ ಬಾಣಲೆ ಇಳಿಸಿ ತೊಳೆಯತೊಡಗಿದರು. ಇಷ್ಟು ವರ್ಷ ತಿಂದವರು ಹೀಗೆ ಮಾಡಿದರಲ್ಲ ಎಂದು ಕೆಳಗೆ ಸಹಿ ಮಾಡಿರುವ ಅಧಿಕಾರಿಗೆ ಬಹಳ ದುಃಖವಾಯಿತು, ಸಿಟ್ಟೂ ಬಂತು. ಎರಡನ್ನೂ ಸಾಂದರ್ಭಿಕ ರಜೆಯ ಲೆಕ್ಕಕ್ಕೆ ಹಾಕಲಾಗಿದೆ.

(ಇ) ಬಾಣಲೆ ತೊಳೆದು ಮುಗಿಯುವ ಮೊದಲೇ ಯಂತ್ರವು ಚಹಾದ ಬದಲು ಬರೇ ಬಿಸಿನೀರು ಕೊಟ್ಟಿತು. ನಂತರ ನೀರೂ ನಿಂತಿತು. ನಂತರ ಯಾರೂ ಗುಂಡಿ ಒತ್ತದಿದ್ದರೂ 'ನೀವು ಅದ್ಭುತ ವ್ಯಕ್ತಿ' ಎಂದು ಗೋಡೆಗೆ ಹೇಳುತ್ತಾ ಹೋಯಿತು. ಕೊನೆಗೆ, ಬಗ್ಗಿ ನೋಡುತ್ತಿದ್ದ ತಂಡದ ಮುಖ್ಯಸ್ಥರ ಬಿಳಿ ಅಂಗಿಗೆ ಅಷ್ಟೂ ಚಹಾವನ್ನು ಒಮ್ಮೆಲೇ ಉಗಿದು ಶಾಂತವಾಯಿತು. ಅದು ಆ ಮೇಲೆ ಏನನ್ನೂ ಹೇಳಿರುವುದಿಲ್ಲ.

(ಈ) ಷರತ್ತು 3ರಂತೆ ಯಂತ್ರಕ್ಕೆ ಮೆಣಸು ನಿವಾಳಿಸಿ ಸುಡಲಾಯಿತು. ಕಚೇರಿಯ ತುಂಬಾ ಹೊಗೆ ಕವಿದರೂ ಒಬ್ಬರೂ ಕೆಮ್ಮಲಿಲ್ಲ. ಷರತ್ತು 3(ಆ)ರ ಪ್ರಕಾರ ಈ ಸಿಬ್ಬಂದಿಯ ಹೊಗಳಿಕೆಯು ಸಂಪೂರ್ಣ ಹೃತ್ಪೂರ್ವಕವಾಗಿತ್ತು ಎಂದು ದೃಢೀಕರಿಸಲಾಗಿದೆ.

(ಉ) ವಿಚಾರಣೆಯಲ್ಲಿ ಶ್ರೀ ಗುಡ್ಡ ಇವರು, "ನಾವ್ ಎಂತ ಮಾಡ್ಲಿಲ್ಲೆ ಸಾರ್. ಲಾಯ್ಕ್ ಇತ್ತ್ ಅಂದ್ದ್ ಅಷ್ಟೆ" ಎಂದು ತಿಳಿಸಿದ್ದು, ಸಕಾರಾತ್ಮಕ ಮನೋಭಾವಕ್ಕಾಗಿ ನೌಕರರ ಮೇಲೆ ಶಿಸ್ತುಕ್ರಮ ಜರುಗಿಸಲು ನಿಯಮಗಳಲ್ಲಿ ಅವಕಾಶವಿಲ್ಲದ್ದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.

9. ಆದೇಶ:

ಮೇಲಿನ ಎಲ್ಲ ಅಂಶಗಳನ್ನು ಗಮನಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಮೂರೂ ತಾಲೂಕುಗಳಲ್ಲಿ 'ಅಡ್ಡಿಲ್ಲ' ಎಂಬ ಅಭಿಪ್ರಾಯವನ್ನು 'ಅತ್ಯುತ್ತಮ'ಕ್ಕಿಂತ ಒಂದು ದರ್ಜೆ ಮೇಲೆ ಎಂದು ಪರಿಗಣಿಸತಕ್ಕದ್ದು. ಎರಡನೇ ಸಲ ತಟ್ಟೆ ಮುಂದೆ ಚಾಚುವುದನ್ನು ಅದಕ್ಕೂ ಮೇಲಿನ ದರ್ಜೆ ಎಂದು ಪರಿಗಣಿಸತಕ್ಕದ್ದು. ಒದ್ದೆ ಅಂಗಿಯ ತಂಡವು ಇದಕ್ಕೆ ಸ್ಥಳದಲ್ಲೇ ಒಪ್ಪಿಗೆ ನೀಡಿರುತ್ತದೆ.

(ಆ) ಹೊಗಳಿಕೆಯನ್ನು ಇನ್ನು ಮುಂದೆ ವಿಲೇವಾರಿ ಮಾಡಬೇಕಾದ ವಸ್ತುಗಳಿಗೆ ಮಾತ್ರ ಬಳಸತಕ್ಕದ್ದು. ಗುಜರಿಗೆ ಹೋಗಲು ಒಪ್ಪದ ಹಳೆ ಜೀಪನ್ನು ಶ್ರೀಮತಿ ವೇದಾವತಿ ಇವರ ನೇತೃತ್ವದ ಸಮಿತಿಯು ಸೋಮವಾರದಿಂದ ಹೊಗಳಲಿದೆ.

(ಇ) ತಪಾಸಣೆಯ ಮರುದಿನದಿಂದ ಸಿಬ್ಬಂದಿಯು ಕೆಳಗೆ ಸಹಿ ಮಾಡಿರುವ ಅಧಿಕಾರಿಯನ್ನು ಬಾಗಿಲಲ್ಲೇ ತಡೆದು, ಈವತ್ತು ಬಹಳ ಲಾಯ್ಕ್ ಕಾಣುತ್ತೀರಿ ಎಂದು ಹೇಳುತ್ತಿರುವುದು ಗಮನಕ್ಕೆ ಬಂದಿದೆ. ಇದನ್ನು ತತ್‌ಕ್ಷಣದಿಂದ ನಿಲ್ಲಿಸತಕ್ಕದ್ದು. ಅವರಿಗೂ ಹೆಂಡತಿ ಮಕ್ಕಳಿದ್ದಾರೆ.

(ಈ) ಕ್ಯಾಂಟೀನ್ ಶ್ರೀಮತಿ ವನಜ ಇವರಲ್ಲೇ ಮುಂದುವರಿಯತಕ್ಕದ್ದು. ಇವರ ಬನ್ಸನ್ನು ಯಾರೂ, ಯಾವ ಕಾರಣಕ್ಕೂ, ಕೇಳಿಸುವಂತೆ ಹೊಗಳಬಾರದು. ಈ ಸುತ್ತೋಲೆಯ ಯಾವುದೇ ವಾಕ್ಯವು ಹೊಗಳಿಕೆಯಂತೆ ಕಂಡುಬಂದಲ್ಲಿ ಅದನ್ನು ಬೆರಳಚ್ಚಿನ ದೋಷವೆಂದು ಭಾವಿಸತಕ್ಕದ್ದು.

10. ಆದೇಶವನ್ನು ಕ್ಯಾಂಟೀನಿಗೆ ಹೋಗಿ ಓದಿ ಹೇಳಲಾಯಿತು. ಶ್ರೀಮತಿ ವನಜ ಇವರು ಬಾಣಲೆಯನ್ನು ಮತ್ತೆ ಒಲೆಗೆ ಏರಿಸುತ್ತಾ "ಅಡ್ಡಿಲ್ಲ" ಎಂದರು. ಬಳಿಕ ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆ ಎಂದು ತಿಳಿಸಿದರು. ಕ್ಯಾಂಟೀನಿನಲ್ಲಿರುವುದು ಗ್ಯಾಸ್ ಒಲೆ ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

ಸಹಿ/-
(ಸುಬ್ಬರಾಯ)
ಮುಖ್ಯ ಅನುಷ್ಠಾನಾಧಿಕಾರಿ,
ಸಕಾರಾತ್ಮಕ ಮನೋಭಾವ ಅನುಷ್ಠಾನ ಕೋಶ, ಕುಂದಾಪುರ

ಪ್ರತಿಗಳು:

1. ಕೇಂದ್ರ ಕಚೇರಿಗೆ, ಮಾಹಿತಿಗಾಗಿ. ತಮ್ಮ ಆದೇಶ ಅದ್ಭುತವಾಗಿದೆ, ಅದಕ್ಕೆ ಸಾಟಿಯಿಲ್ಲ ಎಂದು ಇಡೀ ಸಿಬ್ಬಂದಿಯ ಪರವಾಗಿ ತಿಳಿಸಲಾಗಿದೆ.
2. ಯಂತ್ರ ಸರಬರಾಜುದಾರರಿಗೆ, ಯಂತ್ರವನ್ನು ಒಯ್ಯಲು. ಬರುವಾಗ ಒಂದು ಲಿಂಬೆಹಣ್ಣು ತರತಕ್ಕದ್ದು.
3. ಬೈಂದೂರು ಶಾಖೆಗೆ, ಶ್ರೀ ಪದ್ದು ಇವರಿಗೆ ನಿಧಾನವಾಗಿ ತಿಳಿಸಲು.
4. ಶ್ರೀ ಗುಡ್ಡ ಇವರಿಗೆ. ಓದಿ ಕುತ್ತಿಗೆ ಓರೆ ಮಾಡಿದ್ದಾರೆ. ಸ್ವೀಕೃತಿ ಎಂದು ಪರಿಗಣಿಸಲಾಗಿದೆ.
5. ಕಚೇರಿಯ ಮುಖ್ಯ ಬಾಗಿಲಿಗೆ, ಮೆಣಸಿನ ಜೊತೆ ಪೋಣಿಸಿ ಕಟ್ಟಲು.
6. ಶ್ರೀಮತಿ ವನಜ ಇವರಿಗೆ. ಓದಿದ ಮೇಲೆ ಗೋಳಿಬಜೆ ಕಟ್ಟಿಕೊಡಲು ಬಳಸಬಹುದು. ಮೊದಲ ಕಟ್ಟು ಕೆಳಗೆ ಸಹಿ ಮಾಡಿರುವ ಅಧಿಕಾರಿಗೆ.