ರಾಮಪ್ರಸಾದನ ಬಲಗಣ್ಣು

ಬೆಳಗ್ಗೆ ಏಳೂವರೆಗೆ, ಜಯನಗರದ ವಠಾರದ ನಲ್ಲಿಯ ಹತ್ತಿರ, ರಾಮಪ್ರಸಾದನ ಬಲಗಣ್ಣಿನ ಲೆನ್ಸು ಕೈಜಾರಿ ಬಿತ್ತು. ಮಧ್ಯಾಹ್ನ ಮೂರಕ್ಕೆ ಅವನಿಗೆ ಕಣ್ಣಿನ ಪರೀಕ್ಷೆ. ಸರ್ಕಾರಿ ಗುಮಾಸ್ತೆಯ ಕೆಲಸ ಕಾಯಂ ಆಗಬೇಕಾದರೆ ವೈದ್ಯಾಧಿಕಾರಿಯ ಎದುರು ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಮೇಲಿನ ಅಕ್ಷರ ಓದಬೇಕು. ಕೆಲಸ ಕಾಯಂ ಆದಮೇಲೆಯೇ ಲಗ್ನ ಎಂದು ಹೆಣ್ಣಿನ ಕಡೆಯವರು ಬೇರೆ ಹೇಳಿಬಿಟ್ಟಿದ್ದರು.

ಎಲ್ಲರ ಕಣ್ಣುಗುಡ್ಡೆಯ ಮುಂಭಾಗ ಗುಂಡಗಿದ್ದರೆ ಪಾಪ, ಅವನ ಬಲಗಣ್ಣಿನದು ಬುಗುರಿಯ ಮೊನೆಯಂತೆ ಚೂಪಾಗಿತ್ತು. ಯಾವ ಕನ್ನಡಕವೂ ಪ್ರಯೋಜನಕ್ಕೆ ಬರಲಿಲ್ಲ. ಹುಣ್ಣಿಮೆ ಬಂದರೆ ನಾಲ್ಕು ಚಂದ್ರ ಕಾಣುತ್ತಿದ್ದವು. ಕೊನೆಗೆ ಮದರಾಸಿನ ಡಾಕ್ಟರೊಬ್ಬರು ಅವನ ಕಣ್ಣಿನ ಅಚ್ಚು ತೆಗೆದು, ಅವನೊಬ್ಬನಿಗೇ ಹೊಂದುವಂತೆ ಗಟ್ಟಿ ಪ್ಲಾಸ್ಟಿಕ್ಕಿನ ಲೆನ್ಸು ಮಾಡಿಸಿಕೊಟ್ಟರು. ಅದು ಕೈಸೇರಲು ಐದು ತಿಂಗಳು ಹಿಡಿದಿತ್ತು.

ಯಾರೂ ಅಲ್ಲಾಡಬೇಡಿ ಎಂದು ಅವನು ಬೇಡಿಕೊಂಡದ್ದೇ ತಡ, ಇಡೀ ವಠಾರ ನಲ್ಲಿಯ ಬಳಿಗೆ ನುಗ್ಗಿತು. ವಾರಿಜಮ್ಮ ಒಗೆಯುತ್ತಿದ್ದ ಸೀರೆಯನ್ನು ಹಿಂಡಿ ತಂತಿಗೆ ಹಾಕಿ, ಹುಡುಕಲು ಕುಕ್ಕರಗಾಲಿನಲ್ಲಿ ಕೂತರು. ಗಂಗಾಧರಯ್ಯ ಅಡುಗೆಮನೆಯ ಜರಡಿಯನ್ನೇ ತಂದು ಬಚ್ಚಲ ನೀರಿಗೆ ಅಡ್ಡ ಹಿಡಿದರು. ಅದಕ್ಕಾಗಿ ಅವರ ಮನೆಯಲ್ಲಿ ಜಗಳ ಹತ್ತಿಕೊಂಡು ಅರ್ಧಗಂಟೆ ಹುಡುಕಾಟವೇ ನಿಂತಿತು.

ಅವನದೇ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದ ಶಾಮಣ್ಣನವರು ಅವನನ್ನು ಜಗಲಿಗೆ ಕರೆದರು.

"ನೋಡೋ ರಾಮು, ನಾನು ಕಾಯಂ ಆದಾಗ್ಲೂ ಅದೇ ಚಾರ್ಟು, ನನ್ ತಮ್ಮ ಕಾಯಂ ಆದಾಗ್ಲೂ ಅದೇ ಚಾರ್ಟು. ನನಗೆ ಈಗ್ಲೂ ಬಾಯಿಗೆ ಬರುತ್ತೆ. ಕಲ್ತ್ಕೊಂಡ್ಬಿಡು."

"ಮೋಸ ಆಗಲ್ವಾ ಸಾರ್?"

"ನಿನ್ ಕಣ್ಣು ನಿನಗೆ ಮಾಡಿರೋದೇನು ಮತ್ತೆ?"

ಮಗ್ಗಿ ಹೇಳಿಸಿದಂತೆ ಹೇಳಿಸಿದರು. ಇ. ಎಫ್, ಪಿ. ಟಿ, ಓ, ಝಡ್. ಹನ್ನೆರಡು ಗಂಟೆಯ ಹೊತ್ತಿಗೆ ರಾಮಪ್ರಸಾದ ಎಂಟೂ ಸಾಲನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಒಪ್ಪಿಸುತ್ತಿದ್ದ.

ಅಷ್ಟರಲ್ಲಿ ಒಣಗಿದ ಸೀರೆ ತೆಗೆಯಲು ಹೋದ ವಾರಿಜಮ್ಮ, ತಮ್ಮ ಹಳೇ ಸೀರೆಯ ಸೆರಗಿಗೆ ಈ ಮಿಂಚು ಎಲ್ಲಿಂದ ಬಂತು ಎಂದು ಬೆರಗಾದರು. ಲೆನ್ಸು ಅಲ್ಲಿ ಅಂಟಿಕೊಂಡಿತ್ತು. ಹಿಂಡಿದರೂ ಒಡೆದಿರಲಿಲ್ಲ. ರಾಮಪ್ರಸಾದ ಅದನ್ನು ತೊಳೆದು ಹಾಕಿಕೊಂಡು ತಲೆಯೆತ್ತಿದ. ಹೊಂಗೆಮರದ ಎಲೆಗಳು ಒಂದೊಂದಾಗಿ ಕಂಡವು. ಅವನಿಗೆ ಅಳು ಬಂತು. ವಾರಿಜಮ್ಮನ ಕಾಲಿಗೆ ಬಿದ್ದೇ ಬಸ್ಸು ಹತ್ತಿದ.

ಆದರೆ ನಾಲಿಗೆಗೆ ಈ ಸುದ್ದಿ ತಲುಪಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದು ತನ್ನಷ್ಟಕ್ಕೆ ಪಾಠ ಒಪ್ಪಿಸುತ್ತಲೇ ಇತ್ತು.

ವೈದ್ಯಾಧಿಕಾರಿಗಳು ಮೆತ್ತಗಿನ ಮನುಷ್ಯ. ಎಡಗಣ್ಣು ಮುಚ್ಚಿಕೊಂಡು ಓದಲು ಹೇಳಿದರು. ರಾಮಪ್ರಸಾದನ ಬಾಯಿ ತಾನೇ ತೆರೆದುಕೊಂಡಿತು.

"ಇ. ಎಫ್, ಪಿ. ಟಿ, ಓ, ಝಡ್..."

ನಾಲ್ಕನೇ ಸಾಲಿಗೆ ಬರುವ ಹೊತ್ತಿಗೆ ಅವನ ಕಣ್ಣು ಬಾಯಿಯನ್ನು ತಡೆದು ನಿಲ್ಲಿಸಿತು. ಗೋಡೆಯ ಮೇಲಿದ್ದದ್ದು ಹೊಸ ಚಾರ್ಟು. ಮೇಲಿಂದ ಕೆಳಗಿನವರೆಗೆ ಬರೀ ಕನ್ನಡ ಅಕ್ಷರ.

ತಡಬಡಾಯಿಸಿ ಮೊದಲಿಂದ ಶುರುಮಾಡಿದ. ಒಂದೂ ತಪ್ಪಿಲ್ಲದೆ ಕೊನೆಯ ಸಾಲಿನವರೆಗೆ ಓದಿದ. ಅದರ ಕೆಳಗೆ ಇರುವೆಸಾಲಿನಂತೆ ಇದ್ದ ಮುದ್ರಣಾಲಯದ ಹೆಸರನ್ನೂ ಓದಿದ. ಎಡಗಣ್ಣಿನದೂ ಹಾಗೇ ಆಯಿತು. ಲೆನ್ಸಿನ ವಿಚಾರ, ನಲ್ಲಿಯ ವಿಚಾರ, ಶಾಮಣ್ಣನವರ ಪಾಠ, ಎಲ್ಲವನ್ನೂ ಹೇಳಿಕೊಂಡ.

ವೈದ್ಯಾಧಿಕಾರಿಗಳು ಅವನನ್ನು ಮರುಕದಿಂದ ನೋಡಿದರು.

"ಕಣ್ ಇಷ್ಟ್ ಚೆನ್ನಾಗಿದೆಯಲ್ರೀ. ಇಷ್ಟಾದ್ಮೇಲೂ ಬಾಯಿಪಾಠ ಒಪ್ಪಿಸ್ತೀರಿ ಅಂದ್ರೆ ನಾನೇನ್ ಬರೀಲಿ ಹೇಳಿ?"

ಅವರು ಫೈಲು ಎಳೆದುಕೊಂಡು ಬರೆಯತೊಡಗಿದರು. ಮೇಜಿನ ಈಚೆ ನಿಂತಿದ್ದ ರಾಮಪ್ರಸಾದನಿಗೆ ಅಕ್ಷರಗಳು ತಲೆಕೆಳಗಾಗಿದ್ದರೂ ಮಸಿ ಒಣಗುವ ಮೊದಲೇ ಪ್ರತಿಯೊಂದೂ ಸ್ಪಷ್ಟವಾಗಿ ಕಂಡಿತು: "ದೃಷ್ಟಿ ಅತ್ಯುತ್ತಮ. ನಡತೆ ಸಂದೇಹಾಸ್ಪದ. ಕಾಯಂ ಮಾಡುವುದನ್ನು ಒಂದು ವರ್ಷ ಮುಂದೂಡತಕ್ಕದ್ದು."