ಒರೆಯೊಳಗಿನ ಕತ್ತೆ

ಸ್ವಂತ ಮನೆಯಲ್ಲಿ ಸ್ವಂತಕ್ಕೊಂದು ಮೂಲೆ ಉಳಿಸಿಕೊಳ್ಳಲು ಗಂಡಸರು ಪಡುವ ಪಾಡನ್ನು ಯಾವ ಇತಿಹಾಸಕಾರನೂ ಬರೆದಿಟ್ಟಿಲ್ಲ. ಬರೆದಿದ್ದರೆ ಅದರಲ್ಲಿ ತಿದ್ದಪ್ಪನವರಿಗೆ ಒಂದು ಇಡೀ ಅಧ್ಯಾಯ ಮೀಸಲಾಗುತ್ತಿತ್ತು.

ತಿದ್ದಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪಠ್ಯಪುಸ್ತಕ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಪ್ರೂಫ್ ತಿದ್ದುತ್ತಿರುವುದಕ್ಕೆ ಅಲ್ಲಿನವರು ಪ್ರೀತಿಯಿಂದ ಇಟ್ಟದ್ದು. (ಪ್ರೀತಿಯಿಂದ ಎಂದು ಅವರೇ ಹೇಳಿಕೊಳ್ಳುತ್ತಾರೆ.) ಮದುವೆ ಗೊತ್ತಾದ ಹೊಸದರಲ್ಲಿ ಹೆಂಡತಿಯಾಗಲಿದ್ದವರು ಬರೆದ ಮೊದಲ ಪತ್ರದಲ್ಲೂ ಎರಡು ದೀರ್ಘ, ಒಂದು ಒತ್ತಕ್ಷರ ತಿದ್ದಿ ವಾಪಸು ಕಳಿಸಿದ್ದರು. ಆ ಪತ್ರವನ್ನು ಹೆಂಡತಿ ಇವತ್ತಿಗೂ ಇಟ್ಟುಕೊಂಡಿದ್ದಾರೆ, ನೆನಪಿಗಲ್ಲ, ಸಾಕ್ಷಿಗೆ.

ಇಂಥ ತಿದ್ದಪ್ಪನವರ ಸಣ್ಣ ಕೋಣೆಯ ತುಂಬ ಹಳೆಯ ಚಿತ್ರಕಥೆ ಪುಸ್ತಕಗಳು. ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ಚೀಟಿ, ಚೀಟಿಯ ಮೇಲೆ ಇಸವಿ. ಎರಡು ವರ್ಷದ ಹಿಂದೆ ಅತ್ತೆ ಬಂದು ಮಗಳ ಮನೆಯಲ್ಲಿ ನೆಲೆಸಿದಾಗ ಕೋಣೆ ಖಾಲಿ ಇರಲಿಲ್ಲವಾದ್ದರಿಂದ ನಡುಮನೆಯ ಸೋಫಾವೇ ಅವರ ಹಾಸಿಗೆಯಾಯಿತು. ಸೋಫಾ ಗಿಡ್ಡ, ಅತ್ತೆ ಉದ್ದ.

"ರೀ, ನಮ್ಮಮ್ಮ ಕಾಲು ಮಡಚ್ಕೊಂಡು ಮಲಗ್ತಾರೆ. ನಿಮ್ಮ ಬೊಂಬೆ ಪುಸ್ತಕಗಳು ಮಾತ್ರ ಕಾಲು ಚಾಚ್ಕೊಂಡು ಮಲಗಿವೆ. ಅವನ್ನ ಅಟ್ಟಕ್ಕೆ ಹಾಕಿ" ಎಂದರು ಹೆಂಡತಿ ಒಂದು ದಿನ. ಆಕೆ ಶಾಲೆಯಲ್ಲಿ ಟೀಚರ್. ಒಂದು ಸಲ ಹೇಳಿದರೆ ಹಿಂದಿನ ಬೆಂಚಿಗೂ ಕೇಳಿಸಬೇಕು.

"ಅಟ್ಟದಲ್ಲಿ ಇಲಿ ಇದೆ ಕಣೇ!"

"ನಡುಮನೇಲಿ ಸೊಳ್ಳೆ ಇದೆ. ನಮ್ಮಮ್ಮ ಒಂದಿನನಾದ್ರೂ ಏನಾದ್ರೂ ಅಂದಿದಾರಾ?"

"ದಿನಾ ಅಂತಾನೇ ಇದೀನಲ್ಲೇ" ಎಂದು ಸೋಫಾದಿಂದ ದನಿ ಬಂತು.

"ಅವು ಬೊಂಬೆ ಪುಸ್ತಕ ಅಲ್ಲ. ಇತಿಹಾಸ!" ಎಂದು ತಿದ್ದಪ್ಪನವರು ಎದೆ ಮುಟ್ಟಿಕೊಂಡರು.

"ನೀವು ಹೇಳಿದ್ರೆ ಇತಿಹಾಸ ಆಗಲ್ಲ. ತಿಳಿದವರು ಯಾರಾದ್ರೂ ಹೇಳ್ಬೇಕು."

ಹೀಗೆ ಒಪ್ಪಂದವಾಯಿತು. ಊರಿನ ದೊಡ್ಡ ಗ್ರಂಥಾಲಯದಲ್ಲಿ ಚಿತ್ರಕಥೆಗಳ ಚರಿತ್ರೆಯ ಬಗ್ಗೆ ಪ್ರದರ್ಶನ ನಡೆಯಲಿತ್ತು. ಅಲ್ಲಿನ ಸಂಶೋಧಕಿಗೆ ತಿದ್ದಪ್ಪನವರು ಕಾಗದ ಬರೆದರು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಬಂದು ನೋಡುತ್ತೇನೆ ಎಂದು ಉತ್ತರ ಬಂತು. ಆಕೆ ಒಂದೇ ಒಂದು ಪುಸ್ತಕವನ್ನು ಪ್ರದರ್ಶನಕ್ಕೆ ಆರಿಸಿದರೂ ಪುಸ್ತಕಗಳೆಲ್ಲ ಕೋಣೆಯಲ್ಲೇ ಉಳಿಯಬೇಕು. ಆರಿಸದಿದ್ದರೆ ಅಂದು ಸಂಜೆಯೊಳಗೆ ಅಟ್ಟ.

ತಿದ್ದಪ್ಪನವರ ಬಲವೆಲ್ಲ ಒಂದೇ ಪುಸ್ತಕದಲ್ಲಿತ್ತು. ಅದು ಮೀಸೆ ಸರದಾರನ ಮೊದಲ ಸಂಚಿಕೆ. ಅದರ ಒಂಬತ್ತನೇ ಪುಟದಲ್ಲಿ ಸರದಾರ ಶತ್ರುವಿನ ಮುಂದೆ ಕತ್ತಿ ಎತ್ತಿ ನಿಂತಿದ್ದಾನೆ. ಬಾಯಿಂದ ಹೊರಟ ಮಾತಿನ ಗುಳ್ಳೆಯಲ್ಲಿ ಮಾತ್ರ ಹೀಗೆ ಅಚ್ಚಾಗಿದೆ: "ಎಲೈ ದುಷ್ಟನೇ, ಇದೋ ಒರೆಯಿಂದ ಕತ್ತೆ ಹಿರಿದೆ! ನೋಡಿ ನಡುಗು!"

ಓದಿದ ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. 'ಒರೆಯೊಳಗೆ ಕತ್ತೆ ಹೇಗೆ ಹಿಡಿಸಿತು?' ಎಂದು ರಾಶಿ ರಾಶಿ ಕಾಗದ ಬಂದವಂತೆ. ಪ್ರಕಾಶಕರು ಗಾಬರಿಯಾಗಿ ಸಿಕ್ಕ ಪ್ರತಿಗಳನ್ನೆಲ್ಲ ಸುಟ್ಟರು. ಚಿತ್ರ ಬರೆಯುವವನು ಜಾಣ, ಎರಡನೇ ಸಂಚಿಕೆಯಲ್ಲಿ ಸರದಾರನಿಗೆ ನಿಜವಾಗಿಯೇ ಒಂದು ಕತ್ತೆ ಕೊಟ್ಟುಬಿಟ್ಟ. ಹತ್ತನೇ ಸಂಚಿಕೆಯ ಹೊತ್ತಿಗೆ ಕತ್ತೆಯೇ ನಾಯಕ, ಸರದಾರ ಅದರ ಗಂಟು ಹೊರುವವನು. ಮಾತಾಡುವ ಪ್ರಾಣಿಗಳ ಒಂದು ಪರಂಪರೆಯೇ ಆಮೇಲೆ ಬಂತು. ಅಂದರೆ, ಆ ಮಹಾಪರಂಪರೆಯ ಮೂಲಪುರುಷ ಒಂದು ಎತ್ವ. ಸುಡದೆ ಉಳಿದ ಪ್ರತಿಗಳು ಬೆರಳೆಣಿಕೆಯಷ್ಟು. ತಿದ್ದಪ್ಪನವರಿಗೆ ಅದು ಸಿಕ್ಕಿದ್ದು ಕ್ಷೌರದಂಗಡಿಯಲ್ಲಿ, ಗಿರಾಕಿಗಳು ಕಾಯುವ ಬೆಂಚಿನ ಕೆಳಗೆ. ಕ್ಷೌರಿಕನ ಮನಸ್ಸು ಕರಗಿಸಲು ನಾಲ್ಕು ತಿಂಗಳು ವಾರಕ್ಕೊಂದು ಸಲ ತಲೆ ಕೊಟ್ಟಿದ್ದರು. ಮೊದಲೇ ಅಲ್ಲಿ ಕೂದಲು ಅಷ್ಟಕ್ಕಷ್ಟೆ. ಕೊನೆಕೊನೆಗೆ ಕ್ಷೌರಿಕನೇ ನಾಚಿ ಪುಸ್ತಕ ಕೊಟ್ಟು ಕಳಿಸಿದ.

ಭಾನುವಾರ ಬಂತು. ತಿದ್ದಪ್ಪನವರು ಆರು ಗಂಟೆಗೇ ಎದ್ದರು. ಕೈ ಆರು ಸಲ ತೊಳೆದರು. ಸಂಶೋಧಕಿ ಕೂರಬೇಕಾದ ಕುರ್ಚಿಯಲ್ಲಿ ತಾವೇ ಕೂತು ಅದು ಅಲುಗುತ್ತದೋ ಎಂದು ನೋಡಿದರು. ಅಲುಗಿತು. ಕಾಲಿಗೆ ರಟ್ಟಿನ ತುಂಡು ಕೊಟ್ಟರು, ಈಗ ಆ ಕಡೆಗೆ ಅಲುಗಿತು.

"ಸುಮ್ನೆ ಒಂದು ಕಡೆ ಕೂತ್ಕೊಳ್ರೀ, ನೋಡಿದ್ರೆ ನನಗೇ ತಲೆ ಸುತ್ತುತ್ತೆ" ಎಂದು ಹೆಂಡತಿ ಗದರಿದರು.

ಆತಂಕಕ್ಕೆ ಕೆಲಸವೇ ಮದ್ದು ಎಂದು ತಿದ್ದಪ್ಪನವರು ಸೋಮವಾರಕ್ಕೆ ಕೊಡಬೇಕಿದ್ದ ಏಳನೇ ತರಗತಿಯ ವಿಜ್ಞಾನದ ಪ್ರೂಫನ್ನು ಮೇಜಿನ ಮೇಲೆ ಹರಡಿಕೊಂಡರು. ಪಕ್ಕದಲ್ಲೇ ಸರದಾರ. ಕಣ್ಣಳತೆಯಲ್ಲಿದ್ದರೆ ಧೈರ್ಯ ನೋಡಿ. ಜೀರ್ಣಾಂಗದ ಎರಡು ಪುಟ ತಿದ್ದುವುದು, ಸರದಾರನ ಎರಡು ಪುಟ ತಿರುವುವುದು, ಮತ್ತೆ ಸಣ್ಣ ಕರುಳಿಗೆ ಬರುವುದು. ಹೀಗೆ ಎರಡು ಗಂಟೆ ಕಳೆದದ್ದೇ ತಿಳಿಯಲಿಲ್ಲ. ಪ್ರೂಫ್ ಕಟ್ಟಿಟ್ಟು, ಸರದಾರನನ್ನು ಹೊದಿಕೆಗೆ ಸೇರಿಸಿ, ಮುಖ ತೊಳೆದುಬಂದರು. ಹತ್ತೂವರೆಗೆ, ಸುಮ್ಮನೆ ಮನಸ್ಸಿನ ಸಮಾಧಾನಕ್ಕೆ, ಒಂಬತ್ತನೇ ಪುಟ ತೆರೆದರು.

"ಇದೋ ಒರೆಯಿಂದ ಕತ್ತಿ ಹಿರಿದೆ!"

ಕಣ್ಣುಜ್ಜಿಕೊಂಡು ನೋಡಿದರು. ಎತ್ವದ ಮೇಲೊಂದು ನೀಲಿ ಗೀಟು, ಅಕ್ಷರದ ತಲೆಯ ಮೇಲೊಂದು ದುಂಡನೆಯ ಗುಡಿಸು. ಪುಸ್ತಕವನ್ನು ಪಟ್ಟನೆ ಮುಚ್ಚಿದರು, ಮುಚ್ಚಿದರೆ ಸರಿಹೋದೀತೇನೋ ಎಂಬಂತೆ.

"ಕತ್ತೆ ಹೋಯ್ತು! ಅಯ್ಯೋ, ನನ್ನ ಕತ್ತೆ ಹೋಯ್ತು!"

"ಇಲ್ಲೇ ಇದೀನಪ್ಪ, ಎಲ್ಲಿಗೆ ಹೋಗ್ಲಿ" ಎಂದರು ಅತ್ತೆ. ಅವರಿಗೆ ಕಿವಿ ಸ್ವಲ್ಪ ಮಂದ.

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಓಡಿಬಂದರು. ತಿದ್ದಪ್ಪನವರು ಪುಸ್ತಕವನ್ನು ಅವರ ಮೂಗಿನ ಮುಂದೆ ಹಿಡಿದರು. "ಇದು ನಿನ್ನ ಕೆಲಸಾನೇ! ತಪ್ಪು ಕಂಡ್ರೆ ಟೀಚರ್ ಕೈ ಸುಮ್ನಿರತ್ತಾ?"

"ನಾನು ತಿದ್ದೋದು ಕೆಂಪು ಮಸೀಲಿ. ಇದು ನೀಲಿ. ಅಷ್ಟೂ ಗೊತ್ತಾಗಲ್ವಾ?"

"ಹಾಗಾದ್ರೆ ನಿಮ್ಮಮ್ಮ! ಕೋಣೆ ಬೇಕು ಅಂತ..."

"ಅವರ ಕನ್ನಡಕ ಮುರಿದು ಮೂರು ದಿನ ಆಯ್ತು. ರಿಪೇರಿ ಮಾಡಿಸ್ಕೊಂಡ್ ಬರ್ತೀನಿ ಅಂತ ಜೇಬಲ್ಲಿ ಇಟ್ಕೊಂಡು ತಿರುಗ್ತಿರೋರು ನೀವು. ಅವರಿಗೆ ಕತ್ತೆ ಯಾವುದು, ಸರದಾರ ಯಾವುದು ಗೊತ್ತಾಗತ್ತಾ?"

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಸಂಶೋಧಕಿ ಕಾಲು ಗಂಟೆ ಮುಂಚೆಯೇ ಬಂದಿದ್ದರು. ಸಣ್ಣ ವಯಸ್ಸು, ಕೈಗೆ ಬಿಳಿ ಗವಸು, ಚೀಲದಲ್ಲಿ ಭೂತಗನ್ನಡಿ. ತಿದ್ದಪ್ಪನವರು ಬೇರೆ ಬೇರೆ ಪುಸ್ತಕ ತೋರಿಸಿ ಹೊತ್ತು ಕಳೆಯಲು ನೋಡಿದರು. ಆಕೆ ಎಲ್ಲವನ್ನೂ "ಚೆನ್ನಾಗಿದೆ, ನಮ್ಮಲ್ಲೂ ಇದೆ" ಎಂದು ಪಕ್ಕಕ್ಕಿಟ್ಟು, "ಆ ಕತ್ತೆ ಸಂಚಿಕೆ ಎಲ್ಲಿ ಸಾರ್?" ಎಂದರು.

ಬೇರೆ ದಾರಿ ಇರಲಿಲ್ಲ. ಪುಸ್ತಕ ಕೊಟ್ಟರು. "ಒಂದು ಅಚಾತುರ್ಯ ಆಗಿದೆ ಮೇಡಂ. ಮನೇಲಿ ಯಾರೋ, ಬೆಲೆ ಗೊತ್ತಿಲ್ಲದವರು..." ಎಂದು ಹೆಂಡತಿಯ ಕಡೆಗೊಮ್ಮೆ, ಅತ್ತೆಯ ಕಡೆಗೊಮ್ಮೆ ನೋಡಿದರು. ಹೆಂಡತಿಯ ಕಣ್ಣಲ್ಲಿ ಕಿಡಿ ಹಾರಿತು.

ಸಂಶೋಧಕಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಗೊತ್ತಿಲ್ಲದವರ ಕೈ ಅಲ್ಲ ಸಾರ್ ಇದು. ಎತ್ವಾನ ಒಂದೇ ಗೀಟಲ್ಲಿ ಹೊಡೆದಿದಾರೆ. ಗುಡಿಸು ನೋಡಿ, ಎಷ್ಟು ದುಂಡಗಿದೆ. ಒಳ್ಳೇ ಪಳಗಿದ ಕೈ." ಪುಟ ತಿರುವುತ್ತಾ ಹೋಗಿ ಕೊನೆಯ ಪುಟದಲ್ಲಿ ನಿಂತರು. ಅಡಿಯಲ್ಲಿದ್ದುದನ್ನು ಗಟ್ಟಿಯಾಗಿ ಓದಿದರು: "'ನೋಡಿದೆ. ಒಂದೇ ತಪ್ಪು. ಅಚ್ಚಿಗೆ ಬಿಡಬಹುದು.' ಕೆಳಗೆ ಸಹಿ ಇದೆ. ತಾರೀಕೂ ಹಾಕಿದಾರೆ. ಇವತ್ತಿಂದೇ."

ತಿದ್ದಪ್ಪನವರು ಸಹಿಯನ್ನು ನೋಡಿದರು. ಇಪ್ಪತ್ತೆಂಟು ವರ್ಷ ದಿನಕ್ಕೆ ನೂರು ಸಲ ಹಾಕಿದ ಸಹಿ, ಹೆತ್ತ ಮಗುವಿನ ಮುಖದಷ್ಟು ಪರಿಚಯ. ಸಣ್ಣ ಕರುಳಿಗೂ ಸರದಾರನಿಗೂ ನಡುವೆ ಎಲ್ಲೋ ಕೈ ತನ್ನ ಪಾಡಿಗೆ ತಾನು ಕರ್ತವ್ಯ ಮುಗಿಸಿತ್ತು. ಅವರಿಗೆ ನಿಜವಾಗಿಯೂ ಅಳು ಬಂತು.

"ಇಷ್ಟು ವರ್ಷದಲ್ಲಿ ಒಂದು ದಿನ ಮನೆ ಗುಡಿಸು ಅಂದ್ರೆ ಗುಡಿಸ್ಲಿಲ್ಲ" ಎಂದರು ಹೆಂಡತಿ. "ಕತ್ತೆಗೆ ಮಾತ್ರ ಯಾರೂ ಹೇಳದೇನೇ ಗುಡಿಸು ಕೊಟ್ಟಿದಾರೆ."

ಸಂಶೋಧಕಿಗೆ ನಗು ತಡೆಯುವುದು ಕಷ್ಟವಾಯಿತು. "ಬೇಜಾರು ಮಾಡ್ಕೋಬೇಡಿ ಸಾರ್. ಚರಿತ್ರೆಯ ವಿಭಾಗಕ್ಕೆ ಇದು ಇನ್ನು ಬರಲ್ಲ. ಆದ್ರೆ ನಮ್ಮಲ್ಲಿ ಇನ್ನೊಂದು ವಿಭಾಗ ಇದೆ, 'ಹಳೆಯ ಪುಸ್ತಕಗಳ ಶತ್ರುಗಳು' ಅಂತ. ಇಲಿ ಕಡಿದಿದ್ದು ಸಿಕ್ಕಿದೆ, ಗೆದ್ದಲು ತಿಂದಿದ್ದು ಸಿಕ್ಕಿದೆ. ಮನುಷ್ಯರಿಂದ ಆಗಿದ್ದಕ್ಕೆ ಇಷ್ಟು ಒಳ್ಳೆಯ ಮಾದರಿ ಸಿಕ್ಕಿರಲಿಲ್ಲ. ಇದನ್ನ ತಗೊಂಡ್ ಹೋಗ್ಲಾ?"

ತಿದ್ದಪ್ಪನವರು ಕುರ್ಚಿಯಿಂದ ಚಿಮ್ಮಿದರು. "ಆರಿಸಿದ್ರು! ಕೇಳಿಸ್ಕೊಂಡ್ಯಾ? ಪ್ರದರ್ಶನಕ್ಕೆ ಆರಿಸಿದ್ರು! ಪುಸ್ತಕ ಕೋಣೇಲೇ!"

"ಆಯ್ತು, ಕೊಟ್ಟ ಮಾತು ತಪ್ಪಲ್ಲ. ಕೋಣೇಲೇ ಇರ್ಲಿ" ಎಂದು ಹೆಂಡತಿ ಒಪ್ಪಿಕೊಂಡು, ಸಂಶೋಧಕಿಯ ಕಡೆ ತಿರುಗಿದರು. "ಮೇಡಂ, ಉಳಿದ ಪುಸ್ತಕಗಳನ್ನ ಹೇಗೆ ಕಾಪಾಡ್ಕೋಬೇಕು?"

ಸಂಶೋಧಕಿ ಕೋಣೆಯನ್ನೆಲ್ಲ ಸುತ್ತಿ ನೋಡಿದರು. "ಗಾಳಿ ಇದೆ, ತೇವ ಇಲ್ಲ, ಇಲಿ ಇಲ್ಲ. ಇರೋದು ಒಂದೇ ಅಪಾಯ" ಎಂದು ತಿದ್ದಪ್ಪನವರ ಜೇಬಿನ ನೀಲಿ ಪೆನ್ನನ್ನು ನೋಡಿದರು. "ಯಾರಾದ್ರೂ ನಂಬಿಕಸ್ಥರು ಪುಸ್ತಕಗಳ ಜೊತೆಗೇ ಇದ್ದು ಕಣ್ಣಿಟ್ಟಿದ್ರೆ ಒಳ್ಳೇದು."

ಅಷ್ಟು ಹೊತ್ತಿಗಾಗಲೇ ಅತ್ತೆ ಸೋಫಾದಿಂದ ದಿಂಬು ಎತ್ತಿಕೊಂಡಿದ್ದರು. ಈ ಮಾತು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು.

ವಾರದೊಳಗೆ ಕೋಣೆಗೆ ಮಂಚ ಬಂತು. ಕನ್ನಡಕವೂ ರಿಪೇರಿಯಾಗಿ ಬಂತು. ಈಗ ತಿದ್ದಪ್ಪನವರು ತಮ್ಮ ಪುಸ್ತಕ ನೋಡಬೇಕಾದರೆ ಪೆನ್ನನ್ನು ಹೆಂಡತಿಯ ಕೈಗೊಪ್ಪಿಸಿ ಬಾಗಿಲು ತಟ್ಟಬೇಕು. ಮೊನ್ನೆ ಹಾಗೇ ತಟ್ಟಿದರು. ಒಳಗೆ ಅತ್ತೆ ಒಬ್ಬರೇ ಬಿದ್ದು ಬಿದ್ದು ನಗುತ್ತಿದ್ದರು.

"ಅತ್ತೆ, ನಾನು. ಐದು ನಿಮಿಷ ಅಷ್ಟೇ."

"ಸ್ವಲ್ಪ ತಾಳಿ ಅಳಿಯಂದಿರೇ" ಎಂದರು ಅತ್ತೆ, ನಗುವಿನ ನಡುವೆ ಉಸಿರು ಎಳೆದುಕೊಂಡು. "ಇಲ್ಲಿ ಕತ್ತೆ ಸರದಾರನ್ನ ಮನೆಯಿಂದ ಆಚೆ ಹಾಕ್ತಾ ಇದೆ."

ತಿದ್ದಪ್ಪನವರು ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತು ಕಾದರು.