ಐದನೇ ‘ಯಾಕೆ’

ಎರಡು ಸಾವಿರದ ಮೂರರಲ್ಲಿ, ಎಂಟನೇ ಕ್ಲಾಸಿಗೆ, ನಾನು ಓದು ನಿಲ್ಲಿಸಿದೆ. ಅವತ್ತಿನಿಂದ ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳೋರು ಯಾರೂ ಇರಲಿಲ್ಲ. ಚೆಂಡುಹೂ ಬೆಳೆದು, ಗೂಡ್ಸ್ ಆಟೋದಲ್ಲಿ ಗುಂಡ್ಲುಪೇಟೆಗೆ ಸಾಗಿಸಿಕೊಂಡು ಮರ್ಯಾದೆಯಿಂದ ಬದುಕಿದ್ದೆ. ಈ ಸುಖ ನನ್ನ ತಂಗಿ ಡಿಪ್ಲೊಮಾ ಮುಗಿಸಿ ಚಾಮರಾಜನಗರದ ಹತ್ತಿರದ ಮೋಟರ್ ಫ್ಯಾಕ್ಟರಿಗೆ ಸೇರುವವರೆಗೆ ಮಾತ್ರ ನಡೆಯಿತು.

ಅವಳು ಅಲ್ಲಿ ಒಂದು ಲೈನಿಗೆ ಲೀಡರ್. ಅಲ್ಲಿನ ಕಾನೂನು ಎರಡೇ. ತಪ್ಪು ಕಂಡವರು ಯಾರೇ ಆಗಲಿ, ಕೈಯೆತ್ತಿ ‘ನಿಲ್ಸಿ’ ಅನ್ನಬೇಕು. ಆಮೇಲೆ ಯಾರನ್ನೂ ಬೈಯದೆ ಐದು ಸಲ ‘ಯಾಕೆ’ ಕೇಳಬೇಕು. ಐದನೇದಕ್ಕೆ ನಿಜವಾದ ಕಾರಣ ಸಿಗುತ್ತದಂತೆ. ಒಳ್ಳೇದೇ. ಆದರೆ ಫ್ಯಾಕ್ಟರಿ ಕಾನೂನು ಫ್ಯಾಕ್ಟರಿ ಗೇಟಿನಲ್ಲೇ ಇಳಿದುಕೊಳ್ಳಬೇಕೋ ಬೇಡವೋ? ಅದು ಅವಳ ಜೊತೆ ಕಂಪನಿ ವ್ಯಾನ್ ಹತ್ತಿ ನಮ್ಮ ಮನೆಗೇ ಬಂತು.

ನಮ್ಮ ಕಡೆ ಹಾಲು ಚೆಲ್ಲಿದರೂ, ಮದುವೆ ಮುರಿದರೂ ಕೊನೆಗೆ ಹೇಳೋದು ಒಂದೇ ಮಾತು, ‘ಓಗ್ಲಿ ಬುಡು’. ಅದನ್ನು ಅವಳು ಮನೆಯಲ್ಲಿ ನಿಷೇಧಿಸಿದಳು.

ಒಂದು ದಿನ ಉಪ್ಪೆಸರಿನಲ್ಲಿ ಉಪ್ಪೇ ಇರಲಿಲ್ಲ. ಅವ್ವ ಅಭ್ಯಾಸಬಲದಿಂದ “ಓಗ್ಲಿ ಬುಡು” ಅಂದುಬಿಟ್ಟಳು. ತಂಗಿ ಕೈಯೆತ್ತಿದಳು. ಮುರಿದ ಮುದ್ದೆ ತಟ್ಟೆಯಲ್ಲೇ ನಿಂತಿತು.

ಉಪ್ಪು ಯಾಕೆ ಹಾಕಿಲ್ಲ? ಡಬ್ಬಿ ಕೈಗೆ ಸಿಗಲಿಲ್ಲ. ಯಾಕೆ? ಮೇಲಿನ ಹಲಗೆ ಸೇರಿತ್ತು. ಯಾಕೆ? ಕೆಳಗಿನ ಹಲಗೆಯಲ್ಲಿ ಸ್ಪ್ಯಾನರ್‌ಗಳಿದ್ದವು. ಯಾಕೆ? ಆಟೋ ರಿಪೇರಿ ನಡೀತಿತ್ತು. ಐದನೇದನ್ನು ಅವಳು ಕೇಳಲೇ ಇಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಮ್ಮ ಮನೆಯಲ್ಲಿ ಯಾವ ‘ಯಾಕೆ’ ಎಲ್ಲಿಂದ ಹೊರಟರೂ ಕಡೇ ಸ್ಟಾಪು ನಾನೇ!

ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗ ಕೆಳಗಡೆ ಬಸ್ಸಿಗೆ ನೂಕುನುಗ್ಗಲು. ನೋಡುನೋಡುತ್ತಲೇ ಇವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೈಯೆತ್ತಿದ್ದಳು. ಇಳಿಯೋರು ಮುಂದೆ, ಹತ್ತೋರು ಹಿಂದೆ, ಕೂಸು ಎತ್ತಿಕೊಂಡೋರು ಮೊದಲು. ದಪ್ಪ ಮೀಸೆಯ ಗಂಡಸರೆಲ್ಲ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ನಿಂತರು. ಕಂಡಕ್ಟರ್ ನನ್ನ ಕಿವಿಯಲ್ಲಿ, ಮೇಡಂ ಯಾವ ಡಿಪೋದವರು ಎಂದು ಕೇಳಿದ. ನಮ್ಮ ಅಡುಗೆಮನೆ ಡಿಪೋ ಎಂದೆ.

ಇಂಥವಳು ಒಂದು ಸಂಜೆ ಕೆಲಸದಿಂದ ಬಂದು ಜಗಲಿ ಮೇಲೆ ಸುಮ್ಮನೆ ಕೂತಳು. ಫ್ಯಾಕ್ಟರಿಯಲ್ಲಿ ಶಿಫ್ಟ್ ಇನ್‌ಚಾರ್ಜ್ ಹುದ್ದೆ ಖಾಲಿ ಇದೆ, ಅರ್ಜಿ ಹಾಕೋದಕ್ಕೆ ನಾಳೆಯೇ ಕಡೇ ದಿನ ಅನ್ನೋದು ನನಗೆ ಗೊತ್ತಿತ್ತು. ಏನಾಯ್ತು ಎಂದು ಕೇಳಿದೆ.

“ಓಗ್ಲಿ ಬುಡಣ್ಣ,” ಅಂದಳು.

ಹೂವಿನ ಚೀಲ ಹೊಲಿಯುತ್ತಿದ್ದ ದಬ್ಬಣ ಕೆಳಗಿಟ್ಟು ನಾನು ಕೈಯೆತ್ತಿದೆ. “ನಿಲ್ಸು. ಯಾಕೆ?”

“ನಾನು ಅರ್ಜಿ ಹಾಕಲ್ಲ.”

“ಯಾಕೆ?”

“ಗಂಡಸ್ರು ಹೆಂಗಸ್ರ ಮಾತು ಕೇಳಲ್ಲ ಅಂತವ್ರೆ ಫ್ಯಾಕ್ಟರೀಲಿ.”

“ಬೆಟ್ಟದಲ್ಲಿ ಸಾಲಾಗಿ ನಿಂತಿದ್ರಲ್ಲ, ಅವ್ರೇನು ಹೆಂಗಸ್ರಾ?”

ಅವಳ ತುಟಿ ಸ್ವಲ್ಪ ಸಡಿಲವಾಯಿತು. ನಾನು ಬಿಡಲಿಲ್ಲ. “ಅದಲ್ಲ ಕಾರಣ. ಯಾಕೆ?”

“ನೈಟ್ ಶಿಫ್ಟ್ ಇರ್ತದೆ.”

“ಇದ್ರೆ? ಯಾಕೆ ಆಗಲ್ಲ?”

“ವ್ಯಾನು ಮೇನ್ ರೋಡಲ್ಲಿ ಇಳಿಸ್ತದೆ. ಅಲ್ಲಿಂದ ಎರಡು ಮೈಲಿ ಹೊಲದ ದಾರಿ.”

“ಆಟೋ ತಗೊಂಡು ಬಾ ಅಂತ ನನ್ನ ಯಾಕೆ ಕೇಳ್ಲಿಲ್ಲ?”

ಅವಳು ಸೆರಗಿನ ದಾರ ಎಳೆಯುತ್ತಾ ಕೂತಳು. “ನೀನು ಎಂಟನೇ ಕ್ಲಾಸಿಂದ ನಿದ್ದೆಗೆಟ್ಟು ದುಡೀತಿದ್ದೀಯಲ್ಲಣ್ಣ.”

ಕಡೇ ಸ್ಟಾಪು ಮತ್ತೆ ನಾನೇ. ಈ ಸಲ ಮಾತ್ರ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಬೆಳಗಿನ ಜಾವ ಹೂ ಕುಯ್ಯಕ್ಕೆ ಹೆಂಗೂ ಎದ್ದಿರ್ತೀನಿ ಕಣಮ್ಮಿ,” ಅಂದೆ. “ಅರ್ಜಿ ಹಾಕು.”

ಹಾಕಿದಳು. ಸಿಕ್ಕಿತು.

ಈಗ ನನ್ನ ಹತ್ತಿರ ಇರುವುದು ಒಂದೂವರೆ ಎಕರೆ ಹೂವಿನ ಹೊಲ, ಎರಡು ಹಸು, ಒಂದು ಗೂಡ್ಸ್ ಆಟೋ, ಬೆಳಗಿನ ಜಾವ ಅದರ ಮುಂದಿನ ಸೀಟಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುವ ಒಬ್ಬಳು ಇನ್‌ಚಾರ್ಜು.